ಕರ್ತವ್ಯದ ಮೇಲೆ ಎಂಟು ನಿಮಿಷ

ಕಮ್ಮನಹಳ್ಳಿ ಮುಖ್ಯರಸ್ತೆಯಲ್ಲಿ ಯಾರೋ ಮೈಕು ಪರೀಕ್ಷಿಸುತ್ತಿದ್ದಾರೆ. ಆ 'ಹಲೋ, ಹಲೋ' ಕಿವಿಗೆ ಬಿದ್ದರೆ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ನಾನು ಭಾಷಣಕಾರ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಸ್ಟೀಲ್ ಲೋಟಗಳಲ್ಲೇ ಇಂದಿಗೂ ಮನೆಯಲ್ಲಿ ಕಾಫಿ ಕುಡಿಯುತ್ತೇವೆ. ಅದರಾಚೆ ಆ ವಿದ್ಯೆ ನನಗೆ ಉಪಯೋಗಕ್ಕೆ ಬಂದದ್ದು ಒಂದೇ ಸಲ. ಅದನ್ನು ನಿಮಗೆ ಹೇಳಿಬಿಡುತ್ತೇನೆ.

ನಮ್ಮ ಅಪಾರ್ಟ್‌ಮೆಂಟಿನ ಕಾವಲಿಗೆ ರಾಯಚೂರು ಕಡೆಯ ಶರಣಪ್ಪ ಇದ್ದರು. ಮೊದಲ ಮಹಡಿಯಲ್ಲಿ ಮರೆವಿನ ಕಾಯಿಲೆಯ ಅಜ್ಜಿಯೊಬ್ಬರಿದ್ದುದರಿಂದ ಗೇಟಿಗೆ ಸದಾ ಚಿಲಕ ಹಾಕಿರಬೇಕಿತ್ತು. ಒಂದು ಬೆಳಿಗ್ಗೆ ಶರಣಪ್ಪ ನೀರಿನ ಮೋಟರು ಹಾಕಲು ಹಿಂದಕ್ಕೆ ಹೋಗಿದ್ದಾಗ ನಾನು ಸ್ಕೂಟರು ಹೊರತೆಗೆದೆ. ಮತ್ತೆ ಇಳಿದು ಚಿಲಕ ಹಾಕಲು ಸೋಮಾರಿತನ. ಅಜ್ಜಿ ನಡೆದುಹೋದರು. ಸಂಜೆ ಹಲಸೂರು ಕೆರೆಯ ಬಳಿ, ಬರಿಗಾಲಲ್ಲಿ, ಸಿಕ್ಕರು.

ಭಾನುವಾರ ನಿವಾಸಿಗಳ ಸಭೆ. "ಗೇಟ್ ತೆಗ್ದಿಟ್ಟಿದ್ದು ಯಾರು?" ಎಂದು ಅಜ್ಜಿಯ ಮಗ ಕೇಳಿದರು. ನಾನು ಎದ್ದೆ. ಒಪ್ಪಿಕೊಳ್ಳಲೆಂದೇ ಎದ್ದದ್ದು, ನಂಬಿ. ಆದರೆ ಅಷ್ಟೂ ಮುಖಗಳು ನನ್ನತ್ತ ತಿರುಗಿದವು. ಗಂಟಲು ತಾನೇ ಸರಿಹೋಯಿತು.

"ತೆಗೆದವರು ಯಾರು ಅನ್ನೋದು ಸಣ್ಣ ಪ್ರಶ್ನೆ. ಕಾಯಬೇಕಾದವರು ಯಾರು?"

ಕರ್ತವ್ಯದ ಬಗ್ಗೆ ಎಂಟು ನಿಮಿಷ ಮಾತಾಡಿದೆ. ಅದರಲ್ಲಿ ಒಂದು ಸುಳ್ಳೂ ಇರಲಿಲ್ಲ. ಆಮೇಲೆ ಎಷ್ಟೋ ಸಲ ಹುಡುಕಿ ನೋಡಿದ್ದೇನೆ. ಇಬ್ಬರು ಕಣ್ಣೊರೆಸಿಕೊಂಡರು. ಶರಣಪ್ಪ ತಲೆ ತಗ್ಗಿಸಿ ನಿಂತಿದ್ದರು. ಮರುದಿನ ಗೇಟಿನಲ್ಲಿ ಬೇರೆ ಕಾವಲುಗಾರ ಕೂತಿದ್ದ.

ನಾಲ್ಕು ವರ್ಷ ಕಳೆದು, ಹೋದ ವಾರ, ಕೆ.ಆರ್. ಪುರಂ ರೈಲು ನಿಲ್ದಾಣದಲ್ಲಿ ಶರಣಪ್ಪ ತಾವೇ ನನ್ನನ್ನು ಗುರುತಿಸಿದರು. ಪಕ್ಕದಲ್ಲಿದ್ದ ಹೆಂಡತಿಗೆ, "ಇವ್ರು ಭಾಳ ಚೊಲೋ ಮಾತಾಡ್ತಾರ" ಎಂದರು. ದನಿಯಲ್ಲಿ ಕೊಂಕೇನೂ ಇರಲಿಲ್ಲ. ಇದ್ದಿದ್ದರೆ ಹಗುರಾಗುತ್ತಿತ್ತು.

"ಅವತ್ತು ಗೇಟ್ ತೆಗ್ದಿಟ್ಟಿದ್ದು ನಾನು, ಶರಣಪ್ಪ."

"ಗೊತ್ತೈತ್ರಿ ಸರ. ಮೋಟರ್ ಹತ್ರ ನಿಂತು ನೋಡಿದ್ದೆ. ಬಂದು ಚಿಲಕ ಹಾಕೂದ್ರಾಗ ಅಜ್ಜಿ ಹೊರಗ ಹೋಗಿಬಿಟ್ಟಿದ್ರು."

"ಮತ್ತೆ ಯಾಕೆ ಹೇಳ್ಲಿಲ್ಲ?"

ಅವರು ನಿಜಕ್ಕೂ ಯೋಚಿಸಿದರು. "ಹೇಳೂಣು ಅಂತನ ನಿಂತಿದ್ದೆ. ನೀವು ಮಾತು ಮುಗಸೂದ್ರಾಗ, ನಾನ ತೆಗದಿಟ್ಟೀನೇನೋ ಅಂತ ನನಗ ಅನಸಾಕತ್ತಿತ್ರಿ."

ಅವರ ರೈಲು ಬಂತು.

ಈ ಭಾನುವಾರ ಸಭೆಯಲ್ಲಿ ಎದ್ದು, "ಆ ಗೇಟ್ ತೆಗ್ದಿಟ್ಟಿದ್ದು ನಾನು" ಎಂದೆ.

ಕಾರ್ಯದರ್ಶಿ ಕಡತದಿಂದ ತಲೆಯೆತ್ತಿದರು. "ಯಾವ ಗೇಟು ಸರ್?"

ಅಜ್ಜಿ ತೀರಿಕೊಂಡು, ಮಗ ಮನೆ ಖಾಲಿ ಮಾಡಿ ವರ್ಷಗಳಾಗಿದ್ದವು. ಅಲ್ಲಿ ಯಾರಿಗೂ ಏನೂ ನೆನಪಿರಲಿಲ್ಲ. ಸುಮ್ಮನೆ ಕೂತುಬಿಡಬಹುದಿತ್ತು. ಮೊದಲಿನಿಂದ ಹೇಳಿದೆ. ಒಂದು ನಿಮಿಷವೂ ಹಿಡಿಯಲಿಲ್ಲ.