ಅಮ್ಮನ ಕೆಮ್ಮು ನಿಂತ ವಾರಗಳು

ಲಾಕ್‌ಡೌನಿನಿಂದ ಜನರ ಆರೋಗ್ಯಕ್ಕೆ ಏನಾಯಿತು, ಸಂಪಾದನೆಗೆ ಏನಾಯಿತು ಎಂದು ತಿಳಿಯಲು ಮೂಡುಬಿದಿರೆಯ ಕಾಲೇಜೊಂದು ಈಗ ಸಮೀಕ್ಷೆ ಮಾಡಿಸುತ್ತಿದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಕಕ್ಕಿಂಜೆಯ ಆಸುಪಾಸಿನ ಮನೆಗಳು ನನ್ನ ಪಾಲಿಗೆ ಬಂದವು. ಸರಕಾರಿ ಶಾಲೆಯ ಟೀಚರಿಗೆ ಭಾನುವಾರ ಬೇರೆ ಏನು ಕೆಲಸ ಎಂದು ಅವರು ಭಾವಿಸಿರಬೇಕು. ಸಿಟ್ಟು ಬಂದರೂ ಒಪ್ಪಿಕೊಂಡೆ, ಮೊದಲ ಫಾರಂ ಹಿಡಿದು ನನ್ನ ಅಮ್ಮನ ಎದುರೇ ಕುಳಿತೆ.

ಅಮ್ಮ ಬೀಡಿ ಕಟ್ಟುವವಳು. ನಾನು ಓದಿ ಟೀಚರಾದದ್ದು ಆ ಬೀಡಿಯಿಂದಲೇ. ಎಲೆಯನ್ನೂ ಹೊಗೆಸೊಪ್ಪಿನ ಹುಡಿಯನ್ನೂ ಬೀಡಿ ಕಂಪೆನಿಯ ಬ್ರಾಂಚಿನಿಂದ ತಂದು, ಮಡಿಲಲ್ಲಿ ಮೊರದಂಥ ಗೆರಸೆ ಇಟ್ಟುಕೊಂಡು ಕಟ್ಟಿ, ಮತ್ತೆ ಬ್ರಾಂಚಿಗೇ ಒಪ್ಪಿಸಬೇಕು. ಆ ಹುಡಿ ಅವಳ ಎದೆಯೊಳಗೆ ಇಳಿದಿತ್ತು. ಕೋಳಿ ಕೂಗುವ ಮೊದಲೇ ಅವಳ ಕೆಮ್ಮು ಶುರುವಾಗುತ್ತಿತ್ತು, ನಾನು ಏಳುತ್ತಿದ್ದುದೂ ಅದರಿಂದಲೇ.

ಲಾಕ್‌ಡೌನಿನಲ್ಲಿ ನಮ್ಮಂಥ ಟೀಚರುಗಳನ್ನು ಪಂಚಾಯತಿನ ಕೊರೋನಾ ತಂಡಕ್ಕೆ ಹಾಕಿದ್ದರು. ಬ್ರಾಂಚಿನ ಮುಂಬಾಗಿಲಿಗೆ ಬೀಗ ಬಿದ್ದಿತ್ತು, ಆದರೆ ಬ್ರಾಂಚಿನವರು ಪಾಪ, ಹೆಂಗಸರ ಮುಖ ನೋಡಲಾರದೆ ಹಿಂಬಾಗಿಲಲ್ಲಿ ಎಲೆ ಕೊಡುತ್ತಿದ್ದರು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಏಳೆಂಟು ಮಂದಿ ಹೆಗಲಿಗೆ ಹೆಗಲು ತಾಗಿಸಿಕೊಂಡು ಜಗಲಿಯಲ್ಲಿ ಕುಳಿತಿದ್ದಾರೆ, ಮಾಸ್ಕು ಗದ್ದದ ಕೆಳಗೆ, ಬಾಯಿತುಂಬ ಎಲೆಯಡಿಕೆ. ನಡುವೆ ಅಮ್ಮನೂ ಇದ್ದಳು. ನನಗೆ ತಲೆ ಕೆಟ್ಟಿತು. ಈ ಎದೆಗೆ ಆ ಕಾಯಿಲೆ ಬಂದರೆ ಉಳಿಯುತ್ತಾಳೆಯೇ? ಅಲ್ಲಿಂದಲೇ ಪಂಚಾಯತಿಗೆ ಫೋನ್ ಮಾಡಿ ಹಿಂಬಾಗಿಲನ್ನೂ ಮುಚ್ಚಿಸಿದೆ. ಎಲ್ಲರೂ ಖಾಲಿ ಚೀಲ ಮಡಚಿಕೊಂಡು ಹೋದರು. ಅಮ್ಮ ನನಗಿಂತ ಮುಂದೆ ಮುಂದೆ ನಡೆದು ಮನೆ ಸೇರಿದಳು.

ಎರಡು ವಾರ ಕಳೆದಿರಬಹುದು. ಒಂದು ದಿನ ನನಗೆ ಎಚ್ಚರವಾದಾಗ ಬಿಸಿಲು ಕೋಣೆಯೊಳಗೆ ಬಂದಿತ್ತು. ಕೆಮ್ಮು ಕೇಳಿಸಿರಲಿಲ್ಲ. ಹೆದರಿ ಚಾವಡಿಗೆ ಓಡಿದೆ. ಅಮ್ಮ ಆರಾಮಾಗಿ ಕುಳಿತು, ಬೀಡಿ ಎಲೆ ಕತ್ತರಿಸುವ ತಗಡಿನ ಅಚ್ಚನ್ನು ಹಲಸಿನ ಎಲೆಯ ಮೇಲಿಟ್ಟು ಕತ್ತರಿಸುತ್ತಿದ್ದಳು. ಪಕ್ಕದಲ್ಲಿ ಹುಡಿಯಿಲ್ಲದ ಹಸಿರು ಬೀಡಿಗಳು, ನೂಲು ಸುತ್ತಿ ಸಾಲಾಗಿ ಇಟ್ಟದ್ದು. ಇದೇನು ಎಂದು ಕೇಳಿದರೆ, ಕೈಗೆ ಮರೆತು ಹೋಗಬಾರದಲ್ಲ ಎಂದಳು.

ನಾನು ನಕ್ಕೆ. ನಿಜ ಹೇಳಬೇಕೆಂದರೆ ಆ ವಾರಗಳಲ್ಲಿ ನನಗೆ ಬಹಳ ಸಂತೋಷವಾಗಿತ್ತು. ರೇಷನ್ ಅಕ್ಕಿ ಬರುತ್ತಿತ್ತು, ನನ್ನ ಸಂಬಳವೂ ಇತ್ತು. ಅಮ್ಮ ರಾತ್ರಿಯಿಡೀ ನಿದ್ದೆ ಮಾಡುತ್ತಿದ್ದಳು. ಇನ್ನು ಬೀಡಿ ಸಾಕು, ಬೇಕಾದ್ದನ್ನು ನಾನು ತಂದುಕೊಡುತ್ತೇನೆ ಎಂದೆ. ನಾನು ತಂದಿಟ್ಟ ವೀಳ್ಯದೆಲೆಯನ್ನು ಅವಳು ಎರಡು ದಿನ ಮುಟ್ಟಲಿಲ್ಲ. ನಾನು ಅದನ್ನು ನೋಡಿಯೂ ನೋಡದವಳ ಹಾಗೆ ಇದ್ದೆ.

ಬ್ರಾಂಚು ತೆರೆದ ದಿನ ಎಲ್ಲರಿಗಿಂತ ಮೊದಲು ಹೋದವಳು ಅವಳೇ. ಬರುವಾಗ ವೀಳ್ಯದೆಲೆ ತಾನೇ ತಂದಿದ್ದಳು. ತಿಂಗಳೊಳಗೆ ಕೆಮ್ಮೂ ಬಂತು.

ಈಗ ಫಾರಮಿನಲ್ಲಿ ಸಂಪಾದನೆಯ ಪ್ರಶ್ನೆ ಸುಲಭವಾಗಿ ಮುಗಿಯಿತು. ಮುಂದಿನದು ಆರೋಗ್ಯದ ಮೇಲಾದ ಪರಿಣಾಮ: ಒಳ್ಳೆಯದು, ಕೆಟ್ಟದ್ದು, ಏನೂ ಇಲ್ಲ. ನಾನು ಕೇಳಲೂ ಇಲ್ಲ, ‘ಒಳ್ಳೆಯದು’ ಎಂಬಲ್ಲಿಗೆ ಪೆನ್ನು ಒಯ್ದೆ.

ಏನು ಬರೆಯುತ್ತಿ ಎಂದು ಅಮ್ಮ ಕೇಳಿದಳು. ಓದಿ ಹೇಳಿದೆ. ಅವಳು ಕಟ್ಟುತ್ತಿದ್ದ ಬೀಡಿ ಬಿಟ್ಟು ಗೆರಸೆಯನ್ನು ಪಕ್ಕಕ್ಕಿಟ್ಟಳು. ಅವಳು ತುಳುವಿನಲ್ಲಿ ಹೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಕೆಮ್ಮು ನಿಂತದ್ದು ಬರೀಬೇಡ. ಒಳ್ಳೆದಾಯ್ತು ಅಂತ ಬರೆದ್ರೆ, ನಾಳೆ ಇನ್ನೊಂದು ಕಾಯಿಲೆ ಬಂದಾಗ ಮೊದಲು ಬ್ರಾಂಚನ್ನೇ ಮುಚ್ಚಿಸ್ತಾರೆ.” ನನ್ನ ಮುಖ ನೋಡಿ ಸೇರಿಸಿದಳು, “ನೀನೇ ಮುಚ್ಚಿಸ್ತಿ.”

ಇಷ್ಟು ವರ್ಷ ಆ ಬೆಳಿಗ್ಗೆಯ ಬಗ್ಗೆ ಅವಳು ಒಂದು ಮಾತು ಎತ್ತಿರಲಿಲ್ಲ. ನಿನ್ನ ಜೀವ ಉಳಿಯಲಿ ಎಂದು ಹಾಗೆ ಮಾಡಿದೆ ಎನ್ನಬೇಕೆಂದಿದ್ದೆ. ಅದು ಅವಳಿಗೆ ಗೊತ್ತಿಲ್ಲದ್ದೇನೂ ಅಲ್ಲ.

ಸುಳ್ಳು ಬರೆಯಬಾರದು ಎಂದು ಮಕ್ಕಳಿಗೆ ಇಪ್ಪತ್ತು ವರ್ಷದಿಂದ ಹೇಳುತ್ತ ಬಂದ ನಾನು ‘ಏನೂ ಇಲ್ಲ’ ಎಂಬಲ್ಲಿ ಗುರುತು ಹಾಕಿದೆ. ಅಮ್ಮ ಕೆಮ್ಮುತ್ತ ಗೆರಸೆಯನ್ನು ಮಡಿಲಿಗೆ ಎಳೆದುಕೊಂಡಳು.