ಹಚ್ಚಿದವರು ಎಣಿಸಬಾರದು

ಮಲ್ಲಿನಾಥ ಸಾಹೇಬರು ಸಸಿಯನ್ನು ಬರೀ ನೋಡುತ್ತಿರಲಿಲ್ಲ, ಎಳೆಯುತ್ತಿದ್ದರು. ಎರಡೇ ಬೆರಳಲ್ಲಿ, ಕಿವಿ ಹಿಡಿದು ಎಬ್ಬಿಸುವ ಮಾಸ್ತರರ ಹಾಗೆ. ಬೇರು ಬಿಟ್ಟ ಸಸಿ ಅಲುಗದೆ ನಿಂತರೆ ಮೂಗಿನಲ್ಲೇ 'ಜಿಂದಾ', ಜೀವ ಇದೆ, ಎನ್ನುತ್ತಿದ್ದರು. ಅವರು ಚಿಂಚೋಳಿ ಕಡೆಯ ಫಾರೆಸ್ಟರ್, ನಾನು ಅವರ ಕೈಕೆಳಗಿನ ಗಾರ್ಡ್. ಅವರ ನಡಿಗೆ, ಕೆಮ್ಮು ಎಲ್ಲವನ್ನೂ ನರ್ಸರಿಯ ಹೆಣ್ಣುಮಕ್ಕಳ ಮುಂದೆ ಮಾಡಿ ತೋರಿಸಿ ಚಹಾ ಗಿಟ್ಟಿಸುತ್ತಿದ್ದೆ. ಒಮ್ಮೆ ಬೆನ್ನ ಹಿಂದೆ ನಿಂತು ನೋಡಿದವರು, ಕೆಮ್ಮು ಇನ್ನೂ ಉದ್ದ ಇರಬೇಕು ಎಂದು ತಿದ್ದಿ ಹೋದರು.

ಇಲಾಖೆ ಅವರನ್ನು ತರಬೇತಿಗೆಂದು ಕೊರಿಯಾಕ್ಕೆ ಕಳಿಸಿತ್ತು. ಜೊತೆಗೆ ಹೋದವರು ವಾಚು, ಬ್ಯಾಗು ತಂದರೆ ಇವರು ತಂದದ್ದು ಒಂದು ನಿಯಮ. ಅಲ್ಲಿ ಬೋಳುಗುಡ್ಡಗಳನ್ನು ಹಳ್ಳಿಯವರೇ ಹಸಿರು ಮಾಡಿದರಂತೆ. ಒಂದು ಸೀಮೆಯಲ್ಲಿ ಬದುಕಿದ ಸಸಿಗಳನ್ನು ಇನ್ನೊಂದು ಸೀಮೆಯವರು ಬಂದು ಎಣಿಸುತ್ತಿದ್ದರಂತೆ.

"ಮಣ್ಣ ನಮ್ಮಲ್ಲೂ ಅದ, ಮಂದೀನೂ ಅದಾರ. ಗಿಡ ಹಚ್ಚಿದಾಂವನೇ ಎಣಸತಾನ, ಅದೊಂದ ನಮ್ಮ ರೋಗ" ಎನ್ನುತ್ತಿದ್ದರು.

ಹೀಗೆ ಸುಲೇಪೇಟದ ನಮ್ಮ ನೆಡುತೋಪನ್ನು ಎಣಿಸಲು ಸೇಡಂ ತಾಲೂಕಿನ ಆಡಕಿಯಲ್ಲಿ ಗಿಡ ಹಚ್ಚಿದ ಹೆಣ್ಣುಮಕ್ಕಳು ಬರುವುದು, ಅವರದನ್ನು ಎಣಿಸಲು ನಾವು ಹೋಗುವುದು ಎಂದಾಯಿತು. ಅವರ ಮುಂದಾಳು ಶರಣಮ್ಮ ಮೊದಲೇ ಕರಾರು ಹಾಕಿದ್ದರು: ನಿಮ್ಮಲ್ಲಿ ಮೋಸ ಕಂಡರೆ ನಮ್ಮೂರಿನ ಗಿಡ ಎಣಿಸಲು ನಿಮ್ಮನ್ನು ಬಿಟ್ಟುಕೊಳ್ಳುವುದಿಲ್ಲ. ಸಾಹೇಬರ ನಿವೃತ್ತಿಗೆ ಒಂದೇ ತಿಂಗಳಿತ್ತು. ನಿಯಮ ಅಲ್ಲಿಗೇ ಮುರಿದರೆ ಮುಂದೆ ಅದನ್ನು ಕೇಳುವವರಿರಲಿಲ್ಲ.

ನನ್ನ ಪಾಲಿನ ಸಾಲುಗಳಲ್ಲಿ ಹೊಂಗೆ ಸಸಿ ಭಾಳ ಸತ್ತಿದ್ದವು. ಸಾಹೇಬರ ಮಾನ ಉಳಿಸುವ ಭಾರವೆಲ್ಲ ನನ್ನ ಮೇಲೇ ಇದೆ ಎಂದುಕೊಂಡು, ಹಿಂದಿನ ಸಂಜೆ ಹೊಂಗೆಯ ಹಸಿ ಕೊಂಬೆ ಕಡಿದು ಆ ಗುಂಡಿಗಳಲ್ಲೆಲ್ಲ ಚುಚ್ಚಿ, ಮೇಲೆ ನೀರೂ ಹಾಕಿದೆ. ಸಸಿ ಬದುಕಿದ್ದಾಗ ಅಷ್ಟು ನೀರು ಹಾಕಿದ್ದರೆ ಈ ಕಷ್ಟವೇ ಬರುತ್ತಿರಲಿಲ್ಲ.

ಮರುದಿನ ಎಣಿಕೆ ನನ್ನ ಸಾಲಿಗೆ ಬಂತು. ಶರಣಮ್ಮ ಹಸಿರು ಎಲೆ ಕಂಡು ಬರೆದುಕೊಳ್ಳುವುದರಲ್ಲಿದ್ದರು. ಸಾಹೇಬರು ಬಾಗಿ ಎಳೆದರು. ಕೊಂಬೆ ಕೈಗೇ ಬಂತು. ನನ್ನ ಕಡೆ ಅವರು ನೋಡಲೂ ಇಲ್ಲ.

"ಇದು ಸತ್ತದ, ಬರಕೋ ಯವ್ವಾ. ಉಳದವೂ ಜಗ್ಗಿ ನೋಡ್ರಿ."

ಅರ್ಧಕ್ಕರ್ಧ ಕಿತ್ತು ಬಂದವು. ಶರಣಮ್ಮ ಪೆನ್ನು ಹಿಡಿದು ನಿಂತೇ ಇದ್ದರು.

"ಸಾಹೇಬ್ರ, ಈ ಮೋಸಾನೂ ನಿಮ್ಮ ಹೆಸರಿಗೇ ಬರೀಲೇನ್ರಿ?"

"ಮತ್ಯಾರ ಹೆಸರಿಗಿ?"

ಶರಣಮ್ಮ ಬರೆದರು. ಆಮೇಲೆ, ತಮ್ಮ ಹೆಂಗಸರ ಮುಖವನ್ನೊಮ್ಮೆ ನೋಡಿ, "ನಾಳಿ ನಮ್ಮೂರಿಗಿ ಬರ್ರಿ. ನಮ್ಮಾಗೂ ಸತ್ತಾವ" ಎಂದರು.

ಆ ವರದಿಯನ್ನು ಹೊತ್ತೇ ಸಾಹೇಬರು ನಿವೃತ್ತರಾಗಿ ಶಹಾಬಾದಿಗೆ ಹೋದರು. ಮರುವರ್ಷ ಹೊಸ ಸಾಹೇಬರು ನಿಮ್ಮ ನಿಮ್ಮ ಎಣಿಕೆ ನೀವೇ ಮಾಡಿಕೊಳ್ಳಿ ಎಂದರೂ ಶರಣಮ್ಮ ಕೇಳಲಿಲ್ಲ. ಟಂಟಂ ಆಟೋ ಮಾಡಿಕೊಂಡು ಬಂದೇಬಿಟ್ಟರು. ಈ ಬೇಸಿಗೆಯಲ್ಲಿ ಶಹಾಬಾದಿಗೆ ಹೋಗಿ, ನನ್ನ ಸಾಲಿನಲ್ಲಿ ಈ ಸಲ ಹನ್ನೊಂದು ಸತ್ತಿವೆ ಎಂದು ಹಳೆಯ ಸಾಹೇಬರಿಗೆ ಒಪ್ಪಿಸಿದೆ. ಆ ಹನ್ನೊಂದು ಗುಂಡಿಗೆ ಏನು ಹಚ್ಚುತ್ತೀ ಎಂದಷ್ಟೇ ಕೇಳಿದರು. ಬೇವು ಎಂದೆ. ಅದೇ ಕೊನೆಯ ಭೇಟಿ.

ಮಳೆ ಬೀಳುವ ಹೊತ್ತಿಗೆ ಅವರಿರಲಿಲ್ಲ. ಹನ್ನೊಂದೂ ಬೇವು ಹಚ್ಚಿದ್ದೇನೆ. ಎಷ್ಟು ಬದುಕಿವೆ ಎಂದು ನನ್ನನ್ನು ಕೇಳಬೇಡಿ, ಆಡಕಿಯವರನ್ನು ಕೇಳಿ.