ಹುಳಿಹಿಟ್ಟಲ್ಲಿ ಪ್ರೆಬೆನ್ ಕೈ

...ಅದಕ್ಕೇ ಹೇಳಿದ್ದು, ತೋವ ಮಾಡಿದ ಬ್ರೆಡ್ ತಿಂದು ಅತ್ತವ್ರನ್ನ ನಾನು ಕಣ್ಣಾರೆ ನೋಡಿದೀನಿ ಅಂತ. ನೀವು ನಕ್ರಿ. ಸರಿ ನಗಿ, ಆದ್ರೆ ಪೂರ್ತಿ ಕೇಳಿ.

ನಮ್ಮ ಹೋಟ್ಲು ಇರೋದು ಕೋಪನ್‌ಹೇಗನ್ ಬಂದರಿನ ಹತ್ರ, ಕಾಲುವೆಗೆ ಅಂಟ್ಕೊಂಡಿರೋ ಹಳೇ ಗೋದಾಮಲ್ಲಿ. ನಾನಲ್ಲಿ ಬಡಿಸೋಳು, ಸಿಗ್ನೆ. ಇಲ್ಲಿ ಊಟಕ್ಕೆ ಕೂತೋರು ಅರ್ಧ ದಿನ ಏಳಲ್ಲ. ಒಂದಾದ್ಮೇಲೆ ಒಂದು ಪುಟ್ಟ ತಟ್ಟೆ ಬರ್ತಾನೇ ಇರುತ್ತೆ, ಕಡಲಪಾಚಿ ಮೇಲೆ ಒಂದೇ ಒಂದು ಸಿಗಡಿ, ಸುಟ್ಟ ಈರುಳ್ಳಿಯ ಒಂದೇ ಎಸಳು, ಹೀಗೆ. ನಡುವೆ ಒಂದು ಸರ್ತಿ ಬರೀ ಬ್ರೆಡ್ಡು, ಬೆಣ್ಣೆ. ಋತು ಬದಲಾದಾಗ ಮಿಕ್ಕಿದ್ದೆಲ್ಲಾ ಬದಲಾಗುತ್ತೆ, ಬ್ರೆಡ್ ಮಾತ್ರ ಬದಲಾಗಲ್ಲ. ಅದು ಬಂದಾಗ ಜನ ಫೋಟೋ ತೆಗೆಯೋದೂ ಮರೆತುಬಿಡ್ತಾರೆ.

ಆ ಬ್ರೆಡ್ ಮೊದ್ಲು ಮಾಡ್ತಿದ್ದೋನು ತೋವಳ ಗಂಡ ಪ್ರೆಬೆನ್. ದೊಡ್ಡ ಆಳು, ದೊಡ್ಡ ಗಂಟಲು. ಹರೇದಲ್ಲಿ ಮೀನಿನ ದೋಣೀಲಿ ದುಡಿಯುವಾಗ ಹಗ್ಗಕ್ಕೆ ಸಿಕ್ಕಿ ಬಲಗೈಯ ಉಂಗುರದ ಬೆರಳು ಕಳ್ಕೊಂಡಿದ್ದ, ನಮ್ಮಲ್ಲಿ ಮದುವೆ ಉಂಗುರ ಹಾಕೋದು ಆ ಬೆರಳಿಗೇ. "ಊರಲ್ಲಿ ಅಷ್ಟು ಗಂಡಸರಿದ್ರು, ಉಂಗುರ ಹಾಕೋಕೆ ಜಾಗಾನೇ ಇಲ್ದೋನ್ನ ಹುಡುಕಿ ಕಟ್ಕೊಂಡೆ" ಅಂತ ತೋವ ಎಲ್ಲರ ಮುಂದೆ ಹಂಗಿಸೋಳು. ಅವಳು ಆಗ ನಮ್ಮಲ್ಲೇ ಗ್ಲಾಸು ತೊಳೀತಿದ್ಲು. ಅವನು ಬ್ರೆಡ್ ಕೋಣೆಯಿಂದ ಕೂಗೋನು, "ನಿನ್ನ ಉಂಗುರಾನೂ ಒಂದಿನ ಕಿತ್ಕೋತೀನಿ, ತಡಿ!"

ಬ್ರೆಡ್ ಉಬ್ಬಿಸೋಕೆ ಪ್ರೆಬೆನ್ ಹತ್ರ ಒಂದು ಮರದ ತೊಟ್ಟಿ ತುಂಬ ಹುಳಿಹಿಟ್ಟಿತ್ತು, ಅದರಿಂದ ಒಂದಿಷ್ಟು ತೆಗೆದು ಆ ದಿನದ ಬ್ರೆಡ್ಡಿಗೆ ಬೆರೆಸೋನು. ದಿನಾ ಅದಕ್ಕೆ ಹೊಸ ಹಿಟ್ಟು ನೀರು ಹಾಕಿ ಬರಿಗೈಲಿ ಕಲಸೋನು. ಉಬ್ಬಿದ್ಯಾ ಅಂತ ನೋಡೋಕೆ ಮೇಲೆ ಬೆರಳೊತ್ತೋನು. ಹಿಟ್ಟಲ್ಲಿ ಎರಡು ಗುಳಿ ಒತ್ತೊತ್ತಾಗಿ ಬೀಳ್ತಿತ್ತು, ಆಮೇಲೆ ಖಾಲಿ ಜಾಗ, ಆಮೇಲೆ ಕಿರುಬೆರಳಿಂದು ಒಂದು. ಆ ಗುರುತು ನಮಗೆಲ್ಲಾ ಅವನ ಸಹಿ ಇದ್ದ ಹಾಗೆ.

ಹೋದ ವರ್ಷದ ಚಳಿಗಾಲದಲ್ಲಿ, ಯಾವಾಗ್ಲೂ ಹೋಗೋ ಹಾಗೆ ಬಂದರಿನ ತಣ್ಣೀರಲ್ಲಿ ಮುಳುಗೇಳೋಕೆ ಇಳಿದ, ಇಲ್ಲಿ ಚಳೀಲೂ ಜನಕ್ಕೆ ಆ ಚಟ. ಏಣಿ ಇಳಿದೋನು ಹತ್ತಲಿಲ್ಲ. ಹೃದಯ ನಿಂತುಬಿಟ್ಟಿತ್ತು.

ಮಣ್ಣಾದ ಮಾರನೇ ದಿನ ತೋವ ಬಂದು ಏಪ್ರನ್ ಕಟ್ಕೊಂಡ್ಲು. "ಹುಳಿಹಿಟ್ಟು ಉಪವಾಸ ಇದೆ, ನಾನು ನೋಡ್ಕೋತೀನಿ" ಅಂದ್ಲು. ನಮ್ಮ ಮುಖ್ಯ ಬಾಣಸಿಗ ಆಸ್ಗರ್ ಒಪ್ಕೊಂಡ. ಆದ್ರೆ ನಮಗೆಲ್ಲಾ ಒಳಗೊಳಗೇ ಗೊತ್ತಿತ್ತು, ಇನ್ನು ಆ ರುಚಿ ಇರಲ್ಲ ಅಂತ. ಹುಳಿಹಿಟ್ಟು ಕಲಸೋ ಕೈಯನ್ನೇ ಹಿಡ್ಕೊಳ್ಳುತ್ತೆ. ಚರ್ಮದ ಮೇಲಿರೋದು ಅದರೊಳಗೆ ಹೋಗಿ ಬೆಳೆಯುತ್ತೆ. ಕೈ ಬದಲಾದ್ರೆ ಸ್ವಲ್ಪ ದಿನದಲ್ಲೇ ವಾಸನೆ ಬೇರೆ, ಹುಳಿ ಬೇರೆ.

ತೋವಳದ್ದು ಬದಲಾಗ್ಲೇ ಇಲ್ಲ ನೋಡಿ.

ಪೋವ್ಲ್ ಅಂತ ಒಬ್ಬ ಮುದುಕ ಇದಾನೆ, ಪ್ರತಿವರ್ಷ ಹುಟ್ಟಿದ ದಿನಕ್ಕೆ ಒಬ್ನೇ ಬಂದು ಉಣ್ತಾನೆ. ಈ ಸಲ ಬ್ರೆಡ್ ಬಾಯಿಗಿಟ್ಟು ನನ್ನ ಕರೆದ. "ಪ್ರೆಬೆನ್‌ಗೆ ಹೇಳು ಮಗಾ, ಕೈ ಇನ್ನೂ ಹಾಗೇ ಇದೆ ಅಂತ."

"ಪ್ರೆಬೆನ್ ತೀರ್ಕೊಂಡು ವರ್ಷ ಆಗ್ತಾ ಬಂತು, ಪೋವ್ಲ್."

ಅವನು ತುಂಡನ್ನ ಮೆಲ್ಲಗೆ ತಟ್ಟೇಲಿಟ್ಟ. ಅಡುಗೆಮನೆ ಬಾಗಿಲ ಕಡೆ ನೋಡಿದ. "ಮತ್ತೆ ಇದನ್ನ ಕಲಸಿದ್ದು ಯಾರು?" ಅಂದ. ಕಣ್ಣಲ್ಲಿ ನೀರು ಸುರೀತಿತ್ತು, ಅದು ಅವನಿಗೇ ಗೊತ್ತಿರ್ಲಿಲ್ಲ ಅನ್ಸುತ್ತೆ.

ಆ ರುಚಿ ಹೇಗೆ ಉಳೀತು ಅಂತ ಮಾರನೇ ದಿನ ನಾನು ಸೀದಾ ತೋವಳನ್ನೇ ಕೇಳಿದೆ. ಅವಳು ಮರದ ಸೌಟು ಎತ್ತಿ ತೋರಿಸಿದ್ಲು. "ನಾನು ಕೈ ಹಾಕೇ ಇಲ್ಲ, ಸಿಗ್ನೆ. ಒಂದು ದಿನಾನೂ. ಸೌಟಲ್ಲೇ ಎಲ್ಲಾ. ನಾನು ಕೈ ಹಾಕಿದ್ರೆ ಇದು ನಂದಾಗುತ್ತೆ, ಅವನು ಹೋಗ್ಬಿಡ್ತಾನೆ."

ಓ, ಇಷ್ಟೇನಾ ಅಂತ ನನಗೆ ಸಮಾಧಾನ ಆಯ್ತು. ಆಗ ಅವಳು ತೊಟ್ಟಿ ಮೇಲಿನ ಬಟ್ಟೆ ಸರಿಸಿದ್ಲು. ಹಿಟ್ಟಿನ ಮೇಲೆ ಎರಡು ಗುಳಿ, ಖಾಲಿ ಜಾಗ, ಇನ್ನೊಂದು ಗುಳಿ.

"ಇದು ನೀನು ಒತ್ತಿದ್ದಾ?"

"ಕೈ ಹಾಕಲ್ಲ ಅಂದ್ನಲ್ಲ."

"ಗಾಳಿಗುಳ್ಳೆ ಒಡೆದಿರ್ಬೇಕು ತೋವ."

"ಹೂಂ, ನಾನೂ ಹಾಗೇ ಅಂದ್ಕೋತೀನಿ. ದಿನಾ ಬೆಳಿಗ್ಗೆ, ಅದೇ ಜಾಗದಲ್ಲಿ." ಅಂದು ಬಟ್ಟೆ ಮುಚ್ಚಿ, "ಕಾಫಿ ಕುಡೀತೀಯಾ?" ಅಂದ್ಲು. ನಾನು ಕುಡಿದೆ.

ಈ ವಸಂತದಲ್ಲಿ ಎಡವಟ್ಟಾಯ್ತು. ನೀರು ಕಾಣೋ ಹಾಗೆ ಇನ್ನೊಂದು ಟೇಬಲ್ ಹಾಕ್ಬೇಕು ಅಂತ ಆಸ್ಗರ್ ಬ್ರೆಡ್ ಕೋಣೆ ಖಾಲಿ ಮಾಡಿಸಿ, ತೊಟ್ಟೀನ ನೆಲಮಾಳಿಗೆಗೆ ಇಳಿಸಿದ. ಅಲ್ಲಿ ಥಂಡಿ, ಕಾಲುವೆ ನೀರು ಗೋಡೆಗೆ ಬಡಿಯೋ ಸದ್ದು. ಹುಳಿಹಿಟ್ಟು ಮಲಗಿಬಿಟ್ಟಿತು. ಉಬ್ಬಲ್ಲ, ಗುಳ್ಳೆ ಇಲ್ಲ, ಮೇಲೆ ಬೂದು ನೀರು. ಉಗುರುಬಣ್ಣ ಅಳಿಸೋ ದ್ರಾವಣದ ಥರ ನಾತ. ಗುಳಿಗಳೂ ನಿಂತುಹೋದ್ವು. ತೋವ ಪಕ್ಕದಲ್ಲಿ ಒಲೆ ಇಟ್ಲು, ಒಳ್ಳೇ ರೈ ಧಾನ್ಯದ ಹಿಟ್ಟು ತಂದು ಹಾಕಿದ್ಲು, ಸೌಟು ತಿರುಗಿಸಿ ತಿರುಗಿಸಿ ತೋಳು ನೋಯಿಸ್ಕೊಂಡ್ಲು. ಏನೂ ಆಗ್ಲಿಲ್ಲ.

ಆಸ್ಗರ್ ಕೆಟ್ಟೋನಲ್ಲ. ಕೆಳಗಿಳಿದು ಬಂದು ಅವಳ ಪಕ್ಕ ಕೂತ. "ತೋವ, ಇದಕ್ಕೆ ಸೌಟು ಸಾಲ್ದು. ಕೈ ಬೇಕು. ನಿಂಗೂ ಗೊತ್ತು."

"ಗೊತ್ತು."

"ಶನಿವಾರದೊಳಗೆ ಏಳ್ದಿದ್ರೆ ನಾನು ಚೆಲ್ಲಲೇಬೇಕು. ಕೊಳೆತದ್ದನ್ನ ಬಡಿಸೋಕಾಗಲ್ಲ, ಚಿನ್ನ."

ಅವನು ಹೋದ್ಮೇಲೆ ತೋವ ನನ್ನ ಕಡೆ ತಿರುಗಿದ್ಲು. "ಕೈ ಹಾಕಿದ್ರೆ ಬದುಕುತ್ತೆ, ಅವನದ್ದಾಗಿರಲ್ಲ. ಹಾಕ್ದಿದ್ರೆ ಅವನದ್ದಾಗೇ ಸಾಯುತ್ತೆ. ಯಾವ್ದು ಮಾಡ್ಲಿ ಹೇಳು?" ನಾನು ಒಲೇನ ತೊಟ್ಟಿಗೆ ಇನ್ನಷ್ಟು ಹತ್ರ ಸರಿಸಿದೆ.

ಶನಿವಾರ ಮಧ್ಯಾಹ್ನ ಎಲ್ರೂ ಮೇಲೆ ಉಣ್ತಿದ್ವಿ. ತೋವ ಬಂದಿಲ್ಲ ಅಂತ ನಾನು ತಟ್ಟೆ ತಗೊಂಡು ಕೆಳಗೆ ಹೋದೆ. ತೊಟ್ಟಿ ಮುಂದೆ ಮಂಡಿಯೂರಿ ಕೂತಿದ್ಲು, ಅಂಗಿ ತೋಳು ಮಡಚ್ಕೊಂಡಿದ್ಲು. "ಎರಡ್ಸಲ ಯಾಕೆ ಸಾಯ್ಬೇಕು ಅವನು, ಅಲ್ವಾ?" ಅಂದ್ಲು. ಅಂದೋಳೇ ಬಲಗೈ ಇಳಿಸಿದ್ಲು. ಹಿಟ್ಟಿಗೆ ಕೈ ಹಾಕೋರು ಮೊದ್ಲು ಉಂಗುರ ತೆಗೀತಾರೆ, ಅವಳಿಗೆ ಆ ಅಭ್ಯಾಸಾನೇ ಇರ್ಲಿಲ್ವಲ್ಲ, ತೆಗೀಲಿಲ್ಲ.

"ಬಿಸಿಯಾಗಿದೆ" ಅಂದ್ಲು.

ನಾನು ತೊಟ್ಟಿ ಮುಟ್ಟಿದೆ. ಮಂಜುಗಡ್ಡೆ ಥರ ತಣ್ಣಗಿತ್ತು.

ಮಣಿಕಟ್ಟಿನವರೆಗೆ ಇದ್ದ ಹಿಟ್ಟು ನೋಡ್ತಾ ನೋಡ್ತಾ ಮೊಣಕೈಗೆ ಬಂದಿತ್ತು. ಅವಳು ಕೈ ತಳ್ಳಿದ್ದು ನಾನಂತೂ ನೋಡ್ಲಿಲ್ಲ, ಆಣೆ. ಅವಳ ಭುಜ ಒಂದ್ಸಲ ಜಗ್ಗಿತು. ಕಾಲುವೆ ಸದ್ದೂ ನಿಂತ ಹಾಗಾಯ್ತು. ನಾನು ಅವಳ ಸೊಂಟ ಹಿಡ್ಕೊಂಡೆ. ತೋವ ಮಾತ್ರ, ಅಡುಗೆಮನೇಲಿ ಗಂಡನ್ನ ಗದರ್ಸೋ ಅದೇ ದನೀಲಿ, "ಬಿಡೋ ಮಾರಾಯ, ಹುಡುಗಿ ನೋಡ್ತಿದಾಳೆ" ಅಂದ್ಲು.

ಕೈ ಹೊರಗೆ ಬಂತು. ಉಂಗುರ ಇರ್ಲಿಲ್ಲ.

ಆಮೇಲಿನದು ನೀವು ನೋಡ್ಬೇಕಿತ್ತು! ಆಸ್ಗರ್ ಮುಖ ಸುಣ್ಣ. "ಅತಿಥಿ ಹಲ್ಲಿಗೆ ಉಂಗುರ ಸಿಕ್ರೆ ನನ್ನ ಹೋಟ್ಲು ಮುಗೀತು!" ಅಂತ ಹಿಟ್ಟನ್ನೆಲ್ಲಾ ಕಲ್ಲುಹಾಸಿನ ಮೇಲೆ ಹರಡಿಸಿದ. ನಾವೆಲ್ಲಾ ಚಿಟಿಕೆ ಚಿಟಿಕೆಯಾಗಿ ಹಿಸುಕಿ ನೋಡಿದ್ವಿ. ಇರ್ಲೇ ಇಲ್ಲ. ತೊಟ್ಟಿ ಖಾಲಿ ಮಾಡಿ ಮಗುಚಿದ್ವಿ, ಅಲ್ಲೂ ಇಲ್ಲ. ತೋವ ಒಂದು ಮೂಲೇಲಿ ನಿಂತು ಕಣ್ಣೊರೆಸ್ಕೊಂಡು ನಗ್ತಿದ್ಲು. "ಹುಡುಕ್ಬೇಡ್ರೋ. ಕಿತ್ಕೋತೀನಿ ಅಂದಿದ್ದ, ಕಿತ್ಕೊಂಡ."

ಹಿಟ್ಟನ್ನ ವಾಪಸ್ ತೊಟ್ಟಿಗೆ ತುಂಬಿದ್ವಿ. ಸಂಜೆಗೆ ಬಟ್ಟೆ ಎತ್ತಿ ಹೊರಗೆ ಬರೋ ಅಷ್ಟು ಉಬ್ಬಿತ್ತು. ಆಸ್ಗರ್ ತಾನೇ ಅದನ್ನ ಮೇಲಕ್ಕೆ ಹೊತ್ಕೊಂಡು ಬಂದ. ಕಿಟಕಿ ಪಕ್ಕದ ಆ ಹೊಸ ಟೇಬಲ್ಲನ್ನ ತೆಗೆಸಿ, ತೊಟ್ಟೀನ ಅಲ್ಲೇ ಇಡಿಸಿದ.

ಬ್ರೆಡ್ ರುಚಿ ಬದಲಾಗಿದೆ, ಸುಳ್ಳು ಹೇಳಲ್ಲ. ಹುಳಿ ಸ್ವಲ್ಪ ಮೆತ್ತಗಾಗಿದೆ. ಬರ್ತಾ ಬರ್ತಾ ತೋವಳ ಕೈರುಚೀನೇ ಬರ್ತಿದೆ. ಒಂದಿನ ಬೆಳಿಗ್ಗೆ ಅವಳು ಬ್ರೆಡ್ ಮೂಸಿ, "ಇವತ್ತು ಅವನು ಇಲ್ಲ" ಅಂದ್ಲು. ಹೊರಗೆ ಹೋಗಿ ಕಾಲುವೆ ಕಟ್ಟೆ ಮೇಲೆ ಸುಮಾರು ಹೊತ್ತು ಕೂತಿದ್ಲು. ಆಮೇಲೆ ಒಳಗೆ ಬಂದು ಮುಂದಿನ ಹಿಟ್ಟು ಕಲಸಿದ್ಲು, ಬರಿಗೈಲೇ.

ಆದ್ರೆ ಒಂದಿದೆ. ಅವಳ ಆ ಉಂಗುರದ ಬೆರಳು ಅವತ್ತಿಂದ ಜೋಮು ಹಿಡಿದ ಹಾಗಿದೆ, ತಣ್ಣಗೆ. ಡಾಕ್ಟರು ಏನೂ ಇಲ್ಲ ಅಂದ್ರಂತೆ. ಬೆರಳು ಇದೆ, ನೆಟ್ಟಗೆ ಇದೆ. ಹಿಟ್ಟಿನ ಮೇಲೆ ನಾಲ್ಕೂ ಬೆರಳು ಒತ್ತಿದ್ರೆ ಅದೊಂದರ ಗುರುತು ಮಾತ್ರ ಬೀಳಲ್ಲ.

ನಂಬಿಕೆ ಬರ್ಲಿಲ್ಲ ಅಲ್ವಾ? ಹಾಗಾದ್ರೆ ಹೋಗಿ. ಟೇಬಲ್ಲು ಗೀಬಲ್ಲು ಕಾದಿರಿಸೋದು ಬೇಡ, ಮಧ್ಯಾಹ್ನ ಕಾಲುವೆ ಕಡೆ ಹಿಂಬಾಗಿಲಿಗೆ ಹೋಗಿ. ಕಿಟಕಿ ಹತ್ರ ಬಿಳಿಕೂದಲಿನ ಹೆಂಗಸು ನಿಂತಿರ್ತಾಳೆ, ಮೊಣಕೈವರೆಗೆ ಹಿಟ್ಟು. ಸಿಗ್ನೆ ಕಳಿಸಿದ್ಲು ಅನ್ನಿ. ಬ್ರೆಡ್ ತುದಿ ಮುರಿದು ಕೊಡ್ತಾಳೆ, ತಿನ್ನಿ. ಆಮೇಲೆ, "ತೋವ, ಒಂದ್ಸಲ ಹಿಟ್ಟು ಒತ್ತಿ ತೋರಿಸು" ಅಂತ ಕೇಳಿ. ತೋರಿಸ್ತಾಳೆ. ಬಗ್ಗಿ ಗುಳಿ ನೋಡಿ.